ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು ಏಕೆ? ಸಂವೇಗ ಮತ್ತು ಶಕ್ತಿಯ ಕುರಿತು ಒಂದು ಚರ್ಚೆ

ವಿದ್ಯಾರ್ಥಿನಿ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಸಂವೇಗ ಎಂದರೆ ರಾಶಿ ಮತ್ತು ವೇಗಗಳ ಗುಣಲಬ್ಧ, ಚಲನ ಶಕ್ತಿ ಎಂದರೆ ರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ ಎಂಬುದು ಬಾಯಿಪಾಠವಾಗಿದೆ, ಲೆಕ್ಕಗಳೂ ಬರುತ್ತವೆ. ಆದರೆ ಎರಡೂ ಅದೇ ರಾಶಿಯಿಂದ, ಅದೇ ವೇಗದಿಂದ ಹುಟ್ಟುವಾಗ ಚಲಿಸುವ ಒಂದು ವಸ್ತುವಿಗೆ ಎರಡು ಬೇರೆ ಬೇರೆ ಅಳತೆಗಳು ಏಕೆ ಬೇಕು, ಒಂದರಲ್ಲಿ ವೇಗ ಇದ್ದ ಹಾಗೆಯೇ ಇದ್ದು ಇನ್ನೊಂದರಲ್ಲಿ ವರ್ಗವಾಗುವುದೇಕೆ ಎಂಬುದು ನನಗೆ ಇನ್ನೂ ಹೊಳೆದಿಲ್ಲ. ಸೂತ್ರವನ್ನು ಸಾಧಿಸುವ ವಿಧಾನ ಪುಸ್ತಕದಲ್ಲಿದೆ; ನಾನು ಕೇಳುತ್ತಿರುವುದು ಅದಕ್ಕಿರುವ ಕಾರಣವನ್ನು. ತರಗತಿಯಲ್ಲಿ ಕೇಳಿದಾಗ ಪರೀಕ್ಷೆಗೆ ಇಷ್ಟು ಸಾಕು ಎಂಬ ಉತ್ತರ ಬಂತು.

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಎರಡು ಜೇಡಿಮಣ್ಣಿನ ಉಂಡೆಗಳು ಡಿಕ್ಕಿ ಹೊಡೆದು ಅಂಟಿಕೊಂಡರೆ ಸಂವೇಗ ಪೂರ್ತಿ ಉಳಿಯುತ್ತದೆ, ಚಲನ ಶಕ್ತಿಯ ಒಂದು ಭಾಗ ಬಿಸಿಯಾಗಿ ಹೋಗುತ್ತದೆ ಎನ್ನುತ್ತಾರೆ. ಶಕ್ತಿ ಬಿಸಿಯಾಗಿ ಹೋಗಬಹುದಾದರೆ ಸಂವೇಗವೇಕೆ ಹಾಗೆ ಹೋಗಬಾರದು?

ನಿವೃತ್ತ_ಮೇಷ್ಟ್ರು_ತುಮಕೂರು

ತಾಯಿ, ಪರೀಕ್ಷೆಯ ಮಾತು ಬದಿಗಿರಲಿ. ನಿನ್ನ ಮೊದಲ ಪ್ರಶ್ನೆಯ ಮೇಲೆ ಯುರೋಪಿನ ವಿದ್ವಾಂಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಾದ ಮಾಡಿದ್ದಾರೆ. ಚಲನೆಯ ನಿಜವಾದ ಅಳತೆ ರಾಶಿ ಮತ್ತು ವೇಗಗಳ ಗುಣಲಬ್ಧವೇ ಎಂದು ದೆಕಾರ್ತನ ಅನುಯಾಯಿಗಳು ಹೇಳುತ್ತಿದ್ದಾಗ, ಅದು ಸಲ್ಲದು, ವೇಗದ ವರ್ಗವನ್ನೇ ಹಿಡಿಯಬೇಕು ಎಂದು ಲೈಬ್ನಿಟ್ಸ್ 1686ರಲ್ಲಿ ಬರೆದ. 1722ರ ಸುಮಾರಿಗೆ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಬೇರೆ ಬೇರೆ ಎತ್ತರಗಳಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಗುಂಡಿನ ವೇಗ ಎರಡರಷ್ಟಾದಾಗ ಮಣ್ಣಿನ ಮೇಲೆ ಅದರ ಪರಿಣಾಮ ನಾಲ್ಕರಷ್ಟಾಗುವುದನ್ನು ತೋರಿಸಿದ. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಲೈಬ್ನಿಟ್ಸನ ಪಕ್ಷ ವಹಿಸಿದರು. ಸೂತ್ರದಲ್ಲಿರುವ ಆ 'ಅರ್ಧ' ನೆಲೆಗೊಂಡದ್ದು ಇನ್ನೂ ತಡವಾಗಿ, 1829ರಲ್ಲಿ ಕೊರಿಯೊಲಿಸ್ ಬರೆದ ಮೇಲೆ.

ನನ್ನ ಅಭಿಪ್ರಾಯದಲ್ಲಿ ಎರಡು ಪಕ್ಷದವರೂ ಸರಿಯಾಗಿಯೇ ಹೇಳುತ್ತಿದ್ದರು. ಉತ್ತರಿಸುತ್ತಿದ್ದ ಪ್ರಶ್ನೆಗಳು ಮಾತ್ರ ಬೇರೆಯಾಗಿದ್ದವು. ಓಡುತ್ತಿರುವ ಲಾರಿಯೊಂದನ್ನು ಇಂತಿಷ್ಟು ಬಲದಿಂದ ತಡೆದರೆ ಅದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಿದರೆ ಉತ್ತರ ಸಂವೇಗದಲ್ಲಿದೆ. ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳಿದರೆ ಉತ್ತರ ಚಲನ ಶಕ್ತಿಯಲ್ಲಿದೆ. 10,000 ಕಿಲೋಗ್ರಾಂ ತೂಕದ ಲಾರಿ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದೆ, ಬ್ರೇಕಿನ ಬಲ 50,000 ನ್ಯೂಟನ್ ಎಂದಿಟ್ಟುಕೊ. ಸಂವೇಗ ಒಂದು ಲಕ್ಷ. ಅದನ್ನು ಬಲದಿಂದ ಭಾಗಿಸಿದರೆ 2 ಸೆಕೆಂಡು. ಚಲನ ಶಕ್ತಿ ಐದು ಲಕ್ಷ ಜೂಲ್. ಅದನ್ನು ಅದೇ ಬಲದಿಂದ ಭಾಗಿಸಿದರೆ 10 ಮೀಟರ್. ಈಗ ವೇಗವನ್ನು 72 ಕಿಲೋಮೀಟರಿಗೆ ಏರಿಸು. ನಿಲ್ಲಲು 4 ಸೆಕೆಂಡು ಸಾಕು, ಆದರೆ ದೂರ 40 ಮೀಟರ್ ಬೇಕು.

ವರ್ಗ ಎಲ್ಲಿಂದ ಬಂತೆಂಬುದು ಇಲ್ಲಿಯೇ ಕಾಣುತ್ತದೆ. ವೇಗ ಎರಡರಷ್ಟಾದಾಗ ನಿಲ್ಲುವ ಹೊತ್ತು ಎರಡರಷ್ಟಾಯಿತು. ಆ ಹೊತ್ತಿನ ಉದ್ದಕ್ಕೂ ಲಾರಿಯ ಸರಾಸರಿ ವೇಗವೂ ಎರಡರಷ್ಟಿತ್ತು. ಎರಡರಷ್ಟು ಹೊತ್ತು, ಎರಡರಷ್ಟು ವೇಗದಲ್ಲಿ ಸಾಗಿದ ವಾಹನ ನಾಲ್ಕರಷ್ಟು ದೂರ ಹೋಗಲೇಬೇಕು. ಸರಾಸರಿ ವೇಗ ಎಂದರೆ ಆರಂಭದ ವೇಗದ ಅರ್ಧ, ಸೂತ್ರದ ಅರ್ಧವೂ ಅದೇ. ಬಲ ಮತ್ತು ಕಾಲದ ಲೆಕ್ಕ ಸಂವೇಗ; ಬಲ ಮತ್ತು ದೂರದ ಲೆಕ್ಕ ಶಕ್ತಿ. ನಿನ್ನ ಎರಡನೆಯ ಪ್ರಶ್ನೆಯನ್ನು ಬೇರೆಯವರು ಎತ್ತಿಕೊಳ್ಳಲಿ, ನಾನು ಕಾಯುತ್ತೇನೆ.

ಚಾಲಕ_ಚಿಕ್ಕಬಳ್ಳಾಪುರ

ಮೇಷ್ಟ್ರ ಲೆಕ್ಕವನ್ನು ನಾವು ದಿನವೂ ಪಾದದಲ್ಲಿ ಮಾಡುತ್ತೇವೆ. ತಂಗಿ, ನಂದಿಬೆಟ್ಟದಿಂದ ಬಸ್ಸು ಇಳಿಸುವಾಗ ಚಾಲಕರು ಎರಡನೆಯ ಗೇರಿನಲ್ಲಿ ಎಂಜಿನ್ ಕಿರುಚಿಸುತ್ತಾ ಏಕೆ ಬರುತ್ತಾರೆ ಎಂದು ಪ್ರಯಾಣಿಕರು ಕೇಳುವುದುಂಟು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಜನ ತುಂಬಿದ 12,000 ಕಿಲೋಗ್ರಾಂ ಬಸ್ಸು ತಿರುವುಗಳ ದಾರಿಯಲ್ಲಿ 400 ಮೀಟರ್ ಕೆಳಗಿಳಿಯಿತು ಎಂದುಕೊಂಡರೆ ಸುಮಾರು 470 ಲಕ್ಷ ಜೂಲ್ ಪ್ರಚ್ಛನ್ನ ಶಕ್ತಿ ಕರಗಬೇಕು. ಕರೆಂಟಿನ ಲೆಕ್ಕದಲ್ಲಿ ಅದು 13 ಯೂನಿಟ್. ವೇಗ ಹೆಚ್ಚಿಸದೆ ಇಳಿಯುವುದಾದರೆ ಅಷ್ಟೂ ಬಿಸಿಯಾಗಲೇಬೇಕು, ಬೇರೆ ದಾರಿಯಿಲ್ಲ.

ಎಲ್ಲವನ್ನೂ ಕಾಲಿನ ಬ್ರೇಕಿಗೇ ಬಿಟ್ಟರೆ ಏನಾಗುತ್ತದೆಂದು ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗನೊಬ್ಬ ಲೆಕ್ಕ ಹಾಕಿಕೊಟ್ಟ. ನಾಲ್ಕು ಡ್ರಮ್ಮುಗಳು ಸೇರಿ 200 ಕಿಲೋಗ್ರಾಂ ಕಬ್ಬಿಣ ಎಂದು ಹಿಡಿದು, ಗಾಳಿಗೆ ಏನೂ ಆರಲಿಲ್ಲವೆಂದರೆ, ಅವುಗಳ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರುತ್ತದೆ. ನಿಜದಲ್ಲಿ ಬಹಳಷ್ಟು ಗಾಳಿಗೆ ಹೋಗುತ್ತದೆ, ಆದರೂ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿನೊಳಕ್ಕೆ ಬಂದ ಮೇಲೆ ಪೆಡಲು ಮೆತ್ತಗಾಗಿ, ಒತ್ತಿದಷ್ಟೂ ಹಿಡಿತ ಸಿಗದ ಸ್ಥಿತಿ ಬರುತ್ತದೆ. ಅದಕ್ಕಾಗಿಯೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ ಹಾಕುವುದು. ಆಗ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ, ಪಿಸ್ಟನ್ನು ಹೊಗೆಯ ಕೊಳವೆಯಲ್ಲಿ ಕಟ್ಟಿದ ಗಾಳಿಯ ವಿರುದ್ಧ ದುಡಿಯುತ್ತದೆ, ಬಿಸಿಯು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ವಿದ್ಯಾರ್ಥಿನಿ_ಶಿಡ್ಲಘಟ್ಟ

ಮೇಷ್ಟ್ರೇ, ಅಣ್ಣ, ಇಬ್ಬರಿಗೂ ವಂದನೆಗಳು. ಹೊತ್ತು ಮತ್ತು ದೂರದ ವ್ಯತ್ಯಾಸ ಅರ್ಥವಾಯಿತು. ಆದರೆ ಅಣ್ಣ ಹೇಳಿದ್ದರಿಂದ ನನ್ನ ಎರಡನೆಯ ಸಂಶಯ ಇನ್ನೂ ಗಟ್ಟಿಯಾಗಿದೆ. ಬ್ರೇಕ್ ಹಾಕಿ ನಿಂತ ಬಸ್ಸಿನ ಶಕ್ತಿ ಡ್ರಮ್ಮಿನ ಬಿಸಿಯಾಯಿತು ಎನ್ನೋಣ. ಅದರ ಸಂವೇಗ ಎಲ್ಲಿಗೆ ಹೋಯಿತು? ಡ್ರಮ್ಮಿನಲ್ಲಿ ಅದೂ ಇರಬೇಕಲ್ಲವೇ?

ಶಿಕ್ಷಕಿ_ಗೌರಿಬಿದನೂರು

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳಾಗಿ ಈ ಪ್ರಶ್ನೆಗೆ ಉತ್ತರಿಸುವ ಸಂತೋಷ ನನ್ನದಾಗಲಿ. ನಿಂತ ಬಸ್ಸಿನ ಸಂವೇಗ ರಸ್ತೆಗೆ, ಅಂದರೆ ಭೂಮಿಗೆ ಹೋಯಿತು. ಡ್ರಮ್ಮಿನಲ್ಲಿ ಅದು ಇರಲು ಸಾಧ್ಯವಿಲ್ಲ, ಏಕೆಂದರೆ ಸಂವೇಗಕ್ಕೆ ದಿಕ್ಕಿದೆ. ಬಿಸಿ ಎಂದರೆ ಕಬ್ಬಿಣದ ಪರಮಾಣುಗಳ ಅಡ್ಡಾದಿಡ್ಡಿ ಕಂಪನ; ಎಡಕ್ಕೆ ಚಲಿಸುವ ಪರಮಾಣುಗಳ ಸಂವೇಗವನ್ನು ಬಲಕ್ಕೆ ಚಲಿಸುವವುಗಳ ಸಂವೇಗ ಕಳೆದುಬಿಡುತ್ತದೆ, ಒಟ್ಟು ಮೊತ್ತ ಸೊನ್ನೆ. ಶಕ್ತಿಗೆ ದಿಕ್ಕಿಲ್ಲ. ಎಡಕ್ಕೆ ಹೋಗುವ ಪರಮಾಣುವಿನ ಶಕ್ತಿಯೂ ಬಲಕ್ಕೆ ಹೋಗುವ ಪರಮಾಣುವಿನ ಶಕ್ತಿಯೂ ಕೂಡಿಕೊಳ್ಳುತ್ತವೆಯೇ ಹೊರತು ಒಂದನ್ನೊಂದು ಕಳೆಯುವುದಿಲ್ಲ. ಆದ್ದರಿಂದ ಶಕ್ತಿಗೆ ಅಡಗಿಕೊಳ್ಳಲು ಕೋಟ್ಯಂತರ ಪರಮಾಣುಗಳಿವೆ, ಸಂವೇಗಕ್ಕೆ ಅಂತಹ ಅಡಗುತಾಣವೇ ಇಲ್ಲ. ಡಿಕ್ಕಿಯಲ್ಲಿ ಸಂವೇಗ ಬಯಲಿನಲ್ಲೇ ಉಳಿಯುವುದು ಇದೇ ಕಾರಣಕ್ಕೆ.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಗೂಡ್ಸ್ ವ್ಯಾಗನ್ನುಗಳನ್ನು ಜೋಡಿಸುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 20,000 ಕಿಲೋಗ್ರಾಂ ವ್ಯಾಗನ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಉರುಳಿಬಂದು, ಅಷ್ಟೇ ತೂಕದ ನಿಂತ ವ್ಯಾಗನ್ನಿಗೆ ತಗುಲಿ ಕೊಂಡಿ ಬಿತ್ತು. ಸಂವೇಗ ಉಳಿಯಬೇಕಾದ್ದರಿಂದ ಜೋಡಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುತ್ತದೆ. ಮೊದಲು ಚಲನ ಶಕ್ತಿ 40,000 ಜೂಲ್, ಆಮೇಲೆ 20,000 ಜೂಲ್. ಉಳಿದ 20,000 ಜೂಲ್ ಕೊಂಡಿಯ ಸದ್ದು, ಬಫರಿನ ಸ್ಪ್ರಿಂಗು, ಉಕ್ಕಿನ ಬಿಸಿ. ಇದೇ ಡಿಕ್ಕಿಯನ್ನು ಪಕ್ಕದ ಹಳಿಯಲ್ಲಿ ಅದೇ ದಿಕ್ಕಿಗೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುವ ಗಾಡಿಯಿಂದ ನೋಡಿ. ಎರಡು ವ್ಯಾಗನ್ನುಗಳೂ ತಲಾ 1 ಮೀಟರ್ ವೇಗದಲ್ಲಿ ಎದುರುಬದುರಾಗಿ ಬಂದು, ಗುದ್ದಿ, ಪೂರ್ತಿ ನಿಂತುಬಿಡುತ್ತವೆ. ಮೊದಲು ಶಕ್ತಿ 20,000, ಆಮೇಲೆ ಸೊನ್ನೆ. ಆರಂಭದ ಅಂಕಿಗಳು ಬೇರೆಯಾದರೂ ಕಳೆದದ್ದು ಅದೇ 20,000. ಎಲ್ಲಿಂದ ನೋಡಿದರೂ ಉಕ್ಕು ಬಿಸಿಯಾಗುವುದು ಅಷ್ಟೇ ತಾನೆ.

ಈ ಎರಡು ಸಂರಕ್ಷಣಾ ನಿಯಮಗಳ ಬೇರು ಎಲ್ಲಿದೆ ಎಂಬುದನ್ನು ಎಮ್ಮಿ ನೋಥರ್ 1918ರಲ್ಲಿ ಪ್ರಕಟಿಸಿದ ಪ್ರಮೇಯದಲ್ಲಿ ತೋರಿಸಿದರು. ಪ್ರಕೃತಿಯ ನಿಯಮಗಳು ಒಂದು ಜಾಗದಿಂದ ಇನ್ನೊಂದಕ್ಕೆ ಬದಲಾಗದಿರುವುದರಿಂದ ಸಂವೇಗ ಉಳಿಯುತ್ತದೆ, ಇಂದಿನಿಂದ ನಾಳೆಗೆ ಬದಲಾಗದಿರುವುದರಿಂದ ಶಕ್ತಿ ಉಳಿಯುತ್ತದೆ. ಅದರ ಗಣಿತ ಪದವಿ ತರಗತಿಯದು.

ರಾಬರ್ಟ್‌ಸನ್‌ಪೇಟೆಯವ

ದಿಕ್ಕಿನ ಮಾತು ಬಂದದ್ದರಿಂದ ನಮ್ಮೂರಿನ ಗಣಿಯ ವಿಷಯ ಹೇಳಬೇಕೆನಿಸಿತು. ಕೆಜಿಎಫ್‌ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ನಮ್ಮ ತಂದೆ ಅಲ್ಲಿ ಕೆಲಸ ಮಾಡಿದವರು. ಅವುಗಳಲ್ಲೊಂದಾದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಒಂದು ಘನ ಮೀಟರ್ ಕಲ್ಲಿನ ತೂಕ ಸುಮಾರು 2,900 ಕಿಲೋಗ್ರಾಂ ಎಂದುಕೊಂಡರೆ ಅಷ್ಟು ಕೆಳಗೆ ಪ್ರತಿ ಚದರ ಮೀಟರಿನ ಮೇಲೆ 8,700 ಟನ್ ಕಲ್ಲಿನ ಭಾರ ಕುಳಿತಿರುತ್ತದೆ. ಆ ಭಾರಕ್ಕೆ ಬಂಡೆ ಸ್ವಲ್ಪವೇ ಕುಗ್ಗಿ, ಶಕ್ತಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಸುರಂಗ ಕೊರೆದಾಗ ಒಂದು ಬದಿಯ ಆಸರೆ ತಪ್ಪುತ್ತದೆ. ಯಾವುದೋ ಗಳಿಗೆಯಲ್ಲಿ ಗೋಡೆ ತಾನಾಗಿಯೇ ಸಿಡಿದು ಚೂರುಗಳು ಸುರಂಗದೊಳಕ್ಕೆ ಎರಚುತ್ತವೆ. ರಾಕ್ ಬರ್ಸ್ಟ್ ಎಂದು ಕರೆಯುತ್ತಿದ್ದ ಈ ಸಿಡಿತಕ್ಕೆ ಅನೇಕ ಕಾರ್ಮಿಕರು ಬಲಿಯಾದರು, ಮೇಲಿನ ಊರಿನಲ್ಲಿ ನೆಲ ನಡುಗುವುದು ಎಲ್ಲರಿಗೂ ಗೊತ್ತಿದ್ದ ಅನುಭವ. ಗಮನಿಸಬೇಕಾದದ್ದು ಇಷ್ಟು: ಸಿಡಿಯುವ ಮೊದಲು ಬಂಡೆ ನಿಶ್ಚಲವಾಗಿತ್ತು, ಸಂವೇಗ ಸೊನ್ನೆ. ಸಿಡಿದ ಮೇಲೂ ಚೂರುಗಳ ಸಂವೇಗ ಒಂದು ಕಡೆಗೆ, ಹಿಂದಿನ ಬಂಡೆಯ ಸಂವೇಗ ಇನ್ನೊಂದು ಕಡೆಗೆ, ಒಟ್ಟು ಸೊನ್ನೆಯೇ. ಜನರನ್ನು ಕೊಂದದ್ದು ಆ ಚೂರುಗಳು ಹೊತ್ತ ಶಕ್ತಿ.

ಶಕ್ತಿಯ ಲೆಕ್ಕಕ್ಕೆ ಇನ್ನೊಂದು ಸಂಗತಿ. 1902ರಿಂದ ಶಿವನಸಮುದ್ರದ ವಿದ್ಯುತ್ತು ಸುಮಾರು 90 ಮೈಲಿ ತಂತಿಯಲ್ಲಿ ಹರಿದು ಈ ಗಣಿಗಳಿಗೆ ಬಂತು. ಅಂದರೆ ಕಾವೇರಿಯ ನೀರು ಅಲ್ಲಿ ಕೆಳಕ್ಕೆ ಬಿದ್ದದ್ದರಿಂದ ಇಲ್ಲಿನ ಯಂತ್ರಗಳು ದುಡಿದವು. ಒಂದು ಕಿಲೋಗ್ರಾಂ ಅದಿರನ್ನು 3,000 ಮೀಟರ್ ಮೇಲೆತ್ತಲು 29,400 ಜೂಲ್ ಬೇಕು. ಒಂದು ಕಿಲೋಗ್ರಾಂ ನೀರು 100 ಮೀಟರ್ ಬಿದ್ದರೆ 980 ಜೂಲ್ ಸಿಗುತ್ತದೆ. ಏನೂ ಸೋರಿಕೆಯಿಲ್ಲದಿದ್ದರೂ ಒಂದು ಕಿಲೋ ಅದಿರಿಗೆ 30 ಕಿಲೋ ನೀರು ಬೀಳಬೇಕು. ಶಾಫ್ಟಿನಲ್ಲಿ ಒಂದು ಕೇಜ್ ಮೇಲೇರುವಾಗ ಇನ್ನೊಂದು ಇಳಿಯುವಂತೆ ಹಗ್ಗ ಕಟ್ಟಿದರೆ ಕೇಜುಗಳ ಸ್ವಂತ ತೂಕಕ್ಕೆ ಶಕ್ತಿ ಖರ್ಚಾಗುವುದಿಲ್ಲ, ಒಳಗಿರುವ ಹೊರೆಗೆ ಮಾತ್ರ ಆಗುತ್ತದೆ.

ವಿದ್ಯಾರ್ಥಿನಿ_ಶಿಡ್ಲಘಟ್ಟ

ಅಣ್ಣ, ಇದನ್ನು ಓದಿ ಪುಸ್ತಕದ ಬಂದೂಕಿನ ಲೆಕ್ಕ ನೆನಪಾಯಿತು. ಬಂದೂಕು ಮತ್ತು ಗುಂಡಿನ ಸಂವೇಗಗಳು ಸಮಾನ. ಹಾಗಿದ್ದರೂ ಗುಂಡು ಪ್ರಾಣ ತೆಗೆಯುತ್ತದೆ, ಬಂದೂಕು ಭುಜವನ್ನು ಬರೀ ನೂಕುತ್ತದೆ. ಒಂದೇ ಸಿಡಿಮದ್ದಿನಿಂದ ಬಂದ ಶಕ್ತಿ ಎರಡಕ್ಕೂ ಸಮನಾಗಿ ಏಕೆ ಹಂಚಿಕೆಯಾಗಲಿಲ್ಲ?

ನಿವೃತ್ತ_ಮೇಷ್ಟ್ರು_ತುಮಕೂರು

4 ಕಿಲೋಗ್ರಾಂ ಬಂದೂಕು, 10 ಗ್ರಾಂ ಗುಂಡು, ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಎಂದುಕೊ. ಗುಂಡಿನ ಸಂವೇಗ 8, ಆದ್ದರಿಂದ ಬಂದೂಕು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಶಕ್ತಿ ನೋಡು: ಗುಂಡಿಗೆ 3,200 ಜೂಲ್, ಬಂದೂಕಿಗೆ 8 ಜೂಲ್. ಕಾರಣ ಹಿಂದೆ ಹೇಳಿದ್ದೇ. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡರ ಮೇಲೂ ಬಲ ಒಂದೇ, ಆ ಬಲ ಇದ್ದ ಹೊತ್ತೂ ಒಂದೇ. ಹಾಗಾಗಿ ಸಂವೇಗ ಸಮಾನ. ಆದರೆ ಅದೇ ಹೊತ್ತಿನಲ್ಲಿ ಗುಂಡು ನಳಿಗೆಯ ಉದ್ದಕ್ಕೂ ಸಾಗಿದರೆ ಬಂದೂಕು ಒಂದೆರಡು ಮಿಲಿಮೀಟರ್ ಮಾತ್ರ ಸರಿಯಿತು. ಹೊತ್ತನ್ನು ಇಬ್ಬರೂ ಹಂಚಿಕೊಳ್ಳಲೇಬೇಕು, ದೂರವನ್ನು ಹಂಚಿಕೊಳ್ಳಬೇಕಾಗಿಲ್ಲ. ಹಗುರವಾದದ್ದಕ್ಕೆ ಹೆಚ್ಚು ದೂರ, ಆದ್ದರಿಂದ ಹೆಚ್ಚು ಶಕ್ತಿ. ಇದನ್ನು ನೆನಪಿನಲ್ಲಿಡು, ಮುಂದೆ ಬೇಕಾಗುತ್ತದೆ.

ಪಂಪ್‌ಸೆಟ್_ಚಿಂತಾಮಣಿ

ನಾನು ಬೋರ್‌ವೆಲ್ ಮೋಟಾರು ಇಳಿಸುವ, ಎತ್ತುವ ಕೆಲಸದವನು. ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗುವುದು ಅದೃಷ್ಟದ ಮಾತಾಗಿರುವುದರಿಂದ ಶಕ್ತಿಯ ಲೆಕ್ಕ ನಮಗೆ ಹೊಟ್ಟೆಪಾಡಿನ ಲೆಕ್ಕ. 300 ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು 29 ಲಕ್ಷ ಜೂಲಿಗೂ ಹೆಚ್ಚು ಬೇಕು, ಹತ್ತಿರಹತ್ತಿರ 0.8 ಯೂನಿಟ್. 10 ಎಚ್‌ಪಿ ಮೋಟಾರು ಸೆಕೆಂಡಿಗೆ ಕೊಡುವುದು 7,460 ಜೂಲ್. ಅದರಲ್ಲಿ ಅರ್ಧದಷ್ಟು ನೀರಿಗೆ ತಲುಪಿದರೆ ಸೆಕೆಂಡಿಗೆ ಒಂದೂಕಾಲು ಲೀಟರ್ ಬರುತ್ತದೆ. ಮೋಟಾರಿನಲ್ಲಿ ತಪ್ಪಿಲ್ಲ, ನೀರಿನ ಮಟ್ಟ ಇಳಿದಿದೆ ಎಂದು ರೈತರಿಗೆ ಹೇಳಿದರೆ ನಂಬುವುದಿಲ್ಲ. ಅದೇ ಮೋಟಾರಿಗೆ ಎತ್ತರ ಎರಡರಷ್ಟಾದರೆ ನೀರು ಅರ್ಧವಾಗುವುದು ಶಕ್ತಿಯ ನಿಯಮ; ಪಂಪಿನೊಳಗೆ ಒಂದರ ಮೇಲೊಂದಿರುವ ಸ್ಟೇಜುಗಳು ನೀರೆತ್ತುವ ಆ ಎತ್ತರಕ್ಕೆ ಹೊಂದದಿದ್ದರೆ ಅರ್ಧವೂ ಬರುವುದಿಲ್ಲ.

ನನ್ನದೂ ಒಂದು ಪ್ರಶ್ನೆ ಇದೆ. ಸ್ಟಾರ್ಟರ್ ಗುಂಡಿ ಒತ್ತಿದ ಕ್ಷಣ ಬೋರಿನ ಬಾಯಲ್ಲಿ ಪೈಪಿಗೆ ಕೈಯಿಟ್ಟರೆ ಒಂದು ಸಲ ಪಕ್ಕಕ್ಕೆ ತಿರುಚಿದಂತೆ ಜಗ್ಗುತ್ತದೆ, ಆಮೇಲೆ ಬರೀ ನಡುಕ ಉಳಿಯುತ್ತದೆ. ಆಗಾಗ ಕರೆಂಟು ಹೋಗಿ ಬಂದು ಮಾಡುವ ಜಾಗಗಳಲ್ಲಿ ಈ ಜಗ್ಗಾಟಕ್ಕೆ ಪೈಪಿನ ಜಾಯಿಂಟಿನ ಥ್ರೆಡ್ಡು ಸಡಿಲವಾಗಿ ಮೋಟಾರು ಒಳಕ್ಕೆ ಬಿದ್ದದ್ದೂ ಉಂಟು. ತಿರುಗುವ ವಸ್ತುವಿಗೂ ಸಂವೇಗ ಇದೆ ಎಂದು ಲೆಕ್ಕವೇ?

ನಿವೃತ್ತ_ಮೇಷ್ಟ್ರು_ತುಮಕೂರು

ಖಂಡಿತ ಇದೆ, ಅದನ್ನು ಕೋನೀಯ ಸಂವೇಗ ಎನ್ನುತ್ತಾರೆ. ನಿಂತಿದ್ದ ರೋಟರು, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಒಂದು ಸೆಕೆಂಡಿನೊಳಗೆ ನಿಮಿಷಕ್ಕೆ 2,800 ಸುತ್ತಿಗೂ ಮೀರಿ ಏರುತ್ತದೆ. ಅದು ಒಂದು ದಿಕ್ಕಿಗೆ ಪಡೆದದ್ದನ್ನು ಮೋಟಾರಿನ ಹೊರಕವಚ ವಿರುದ್ಧ ದಿಕ್ಕಿಗೆ ಪಡೆಯಲೇಬೇಕು. ಕವಚ ತಿರುಗದಂತೆ ಪೈಪು ಹಿಡಿದಿದೆ, ಪೈಪನ್ನು ಮೇಲಿನ ಕ್ಲಾಂಪು ಹಿಡಿದಿದೆ, ಕೊನೆಗೆ ಭೂಮಿಗೆ ತಲುಪುತ್ತದೆ. ನಿಮ್ಮ ಕೈಗೆ ತಗುಲಿದ್ದು ಆ ಸಂವೇಗ ಪೈಪಿನ ಮೂಲಕ ಭೂಮಿಗೆ ದಾಟಿದ ಗಳಿಗೆ.

ವಿದ್ಯಾರ್ಥಿನಿ_ಶಿಡ್ಲಘಟ್ಟ

ಇದೆಲ್ಲ ಓದುತ್ತಾ ಒಂದು ವಿಚಿತ್ರ ಸಂಗತಿ ತಲೆಗೆ ಬಂದಿದೆ, ಬಿಡಿಸಲಾಗುತ್ತಿಲ್ಲ. ನಮ್ಮ ಹೆದ್ದಾರಿಯಲ್ಲಿ 10,000 ಕಿಲೋಗ್ರಾಂ ಬಸ್ಸೊಂದು ಸೆಕೆಂಡಿಗೆ 10 ಮೀಟರ್ ವೇಗದಿಂದ 20 ಮೀಟರ್ ವೇಗಕ್ಕೆ ಏರಿತು ಎನ್ನೋಣ. ರಸ್ತೆ ಬದಿಯಲ್ಲಿ ನಿಂತ ನನಗೆ ಅದರ ಚಲನ ಶಕ್ತಿ 5 ಲಕ್ಷದಿಂದ 20 ಲಕ್ಷ ಜೂಲಿಗೆ ಏರಿದ್ದು ಕಾಣುತ್ತದೆ, ಹೆಚ್ಚಳ 15 ಲಕ್ಷ. ನನ್ನ ಗೆಳತಿ ಪಕ್ಕದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲೇ ಸಾಗುತ್ತಿರುವ ಕಾರಿನಲ್ಲಿದ್ದಾಳೆ. ಅವಳಿಗೆ ಬಸ್ಸು ಮೊದಲು ನಿಂತಂತೆ ಕಂಡು, ಆಮೇಲೆ 10 ಮೀಟರ್ ವೇಗ ಪಡೆದಂತೆ ಕಾಣುತ್ತದೆ, ಹೆಚ್ಚಳ ಕೇವಲ 5 ಲಕ್ಷ. ಆದರೆ ಬಸ್ಸು ಸುಟ್ಟ ಡೀಸೆಲ್ ಇಬ್ಬರಿಗೂ ಒಂದೇ. ಶಿಕ್ಷಕಿಯವರ ವ್ಯಾಗನ್ನಿನಲ್ಲಿ ಕಳೆದ ಶಕ್ತಿ ಎಲ್ಲರಿಗೂ ಒಂದೇ ಆಗಿತ್ತು. ಇಲ್ಲಿ 10 ಲಕ್ಷ ಜೂಲ್ ಎಲ್ಲಿ ಮಾಯವಾಯಿತು?

ಶಿಕ್ಷಕಿ_ಗೌರಿಬಿದನೂರು

ಬಹಳ ಒಳ್ಳೆಯ ಪ್ರಶ್ನೆ. ಚಲನ ಶಕ್ತಿ ನೋಡುವವರನ್ನು ಅವಲಂಬಿಸಿರುವುದರಿಂದ ಇಬ್ಬರ ಅಂಕಿಗಳು ಬೇರೆಯಾಗುವುದು ಸಹಜ, ಅದನ್ನು ಅಷ್ಟಕ್ಕೇ ಬಿಡಬಹುದು ಎಂದು ನನಗನ್ನಿಸುತ್ತದೆ. ಹೊಂದಿಸಲೇಬೇಕಾದ ಅಗತ್ಯವಿದೆಯೇ?

ನಿವೃತ್ತ_ಮೇಷ್ಟ್ರು_ತುಮಕೂರು

ಮೇಡಂ, ಈ ಮಾತನ್ನು ನಾನು ಒಪ್ಪಲಾರೆ. ಅಂಕಿಗಳು ಬೇರೆಯಾಗಬಹುದು, ಆದರೆ ಪ್ರತಿಯೊಬ್ಬರ ಲೆಕ್ಕವೂ ಅವರವರ ಚೌಕಟ್ಟಿನಲ್ಲಿ ಹೊಂದಲೇಬೇಕು. ಇಲ್ಲದಿದ್ದರೆ ಸಂರಕ್ಷಣಾ ನಿಯಮ ರಸ್ತೆ ಬದಿಯಲ್ಲಿ ನಿಂತವರಿಗೆ ಮಾತ್ರ ಎಂದಾಗುತ್ತದೆ. ಡೀಸೆಲ್ಲಿನ ರಾಸಾಯನಿಕ ಶಕ್ತಿಗೆ ಯಾರು ನೋಡುತ್ತಿದ್ದಾರೆ ಎಂಬುದು ಗೊತ್ತಿಲ್ಲ. ಎಂಜಿನ್ನಿನ ಬಿಸಿ, ಗಾಳಿಯ ತಡೆ ಎಲ್ಲವನ್ನೂ ಬದಿಗಿಟ್ಟು, ಡೀಸೆಲ್ಲಿನಿಂದ ಚಲನೆಗೆ ಬಂದದ್ದು 15 ಲಕ್ಷ ಜೂಲ್ ಎಂದೇ ಹಿಡಿಯೋಣ.

ತಾಯಿ, ನೀನು ಲೆಕ್ಕದಲ್ಲಿ ಒಬ್ಬರನ್ನು ಸೇರಿಸಿಯೇ ಇಲ್ಲ. ಬಸ್ಸು ತನ್ನನ್ನು ತಾನೇ ನೂಕಿಕೊಳ್ಳಲಾರದು. ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತಿತು, ರಸ್ತೆ ಬಸ್ಸನ್ನು ಮುಂದಕ್ಕೆ ಒತ್ತಿತು. ಬಸ್ಸಿಗೆ ಮುಂದಿನ ದಿಕ್ಕಿನಲ್ಲಿ ಒಂದು ಲಕ್ಷ ಘಟಕ ಸಂವೇಗ ಬಂದಿದ್ದರೆ ಭೂಮಿಗೆ ಹಿಂದಿನ ದಿಕ್ಕಿನಲ್ಲಿ ಒಂದು ಲಕ್ಷ ಬಂದಿದೆ. ಇದು ಬಂದೂಕು ಮತ್ತು ಗುಂಡಿನ ಕಥೆಯೇ. ಬಂದೂಕಿನ ಜಾಗದಲ್ಲಿ ಭೂಮಿ ಇದೆ.

ನಿನ್ನ ಕಣ್ಣಿಗೆ ರಸ್ತೆ ನಿಂತಿದೆ. ನಿಂತ ವಸ್ತುವನ್ನು ಬಲ ಒತ್ತಿದರೂ ಅದು ಸರಿಯದಿದ್ದರೆ ಕೆಲಸ ನಡೆಯುವುದಿಲ್ಲ. ಆದ್ದರಿಂದ ಭೂಮಿಗೆ ಸಂವೇಗ ಸಿಕ್ಕಿತು, ಶಕ್ತಿ ಸಿಗಲಿಲ್ಲ. 15 ಲಕ್ಷವೂ ಬಸ್ಸಿಗೇ ಬಂತು. ಗೆಳತಿಯ ಕಣ್ಣಿಗೆ ರಸ್ತೆ ನಿಂತಿಲ್ಲ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿದೆ. ಹಿಂದಕ್ಕೆ ಓಡುತ್ತಿರುವುದನ್ನು ಚಕ್ರ ಮತ್ತಷ್ಟು ಹಿಂದಕ್ಕೆ ಒತ್ತುತ್ತಿದೆ, ಅಂದರೆ ಅದರ ಮೇಲೆ ಕೆಲಸ ನಡೆಯುತ್ತಿದೆ. ಎಷ್ಟು? ಭೂಮಿಗೆ ಸೇರಿದ ಸಂವೇಗ ಒಂದು ಲಕ್ಷ, ಅದು ಓಡುತ್ತಿರುವ ವೇಗ 10. ಗುಣಿಸಿದರೆ 10 ಲಕ್ಷ ಜೂಲ್. ಗೆಳತಿಯ ಲೆಕ್ಕದಲ್ಲಿ ಬಸ್ಸಿಗೆ 5 ಲಕ್ಷ, ಭೂಮಿಗೆ 10 ಲಕ್ಷ, ಒಟ್ಟು 15 ಲಕ್ಷ. ನೀನು ಹುಡುಕುತ್ತಿದ್ದ 10 ಲಕ್ಷ ಭೂಮಿಗೆ ಹೋಗಿತ್ತು.

ರಾಬರ್ಟ್‌ಸನ್‌ಪೇಟೆಯವ

ಅಂಕಿಗಳು ಹೊಂದಿದವು, ಆದರೆ ಮನಸ್ಸು ಒಪ್ಪುತ್ತಿಲ್ಲ ಸಾರ್. ಒಂದು ಬಸ್ಸಿನ ಒತ್ತಡಕ್ಕೆ ಇಡೀ ಭೂಮಿಯ ವೇಗ ಎಷ್ಟು ಬದಲಾದೀತು? ಬದಲಾವಣೆಯೇ ಇಲ್ಲ ಎನ್ನುವಷ್ಟು ಚಿಕ್ಕದು. ಅದಕ್ಕೆ 10 ಲಕ್ಷ ಜೂಲ್ ಹೇಗೆ ಬಂದೀತು?

ನಿವೃತ್ತ_ಮೇಷ್ಟ್ರು_ತುಮಕೂರು

ಭೂಮಿಯ ರಾಶಿ 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋಗ್ರಾಂ. ವೇಗದ ಬದಲಾವಣೆ ಎಂದರೆ ಒಂದು ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿದಷ್ಟು. ಅದನ್ನು ಅಳೆಯುವ ಉಪಕರಣ ಲೋಕದಲ್ಲಿಲ್ಲ. ಆದರೆ ಮೊದಲೇ ಓಡುತ್ತಿರುವ ವಸ್ತುವಿನ ವೇಗ ಅತಿ ಸ್ವಲ್ಪ ಹೆಚ್ಚಿದಾಗ ಶಕ್ತಿಯಲ್ಲಾಗುವ ಹೆಚ್ಚಳವು ರಾಶಿ, ಇದ್ದ ವೇಗ ಮತ್ತು ವೇಗದ ಬದಲಾವಣೆ ಈ ಮೂರರ ಗುಣಲಬ್ಧ. ರಾಶಿ ಎಷ್ಟು ದೊಡ್ಡದೋ ಬದಲಾವಣೆ ಅಷ್ಟೇ ಚಿಕ್ಕದಾದ್ದರಿಂದ ಭೂಮಿಯ ರಾಶಿ ಲೆಕ್ಕದಿಂದಲೇ ಹೊರಟುಹೋಗುತ್ತದೆ, ಉಳಿಯುವುದು ಸಂವೇಗ ಮತ್ತು ವೇಗ ಮಾತ್ರ. ನಿಂತ ಭೂಮಿಯಾದರೆ 'ಇದ್ದ ವೇಗ' ಸೊನ್ನೆ, ಹಾಗಾಗಿ ಶಕ್ತಿಯೂ ಸೊನ್ನೆ ಎನ್ನುವಷ್ಟು. ಭೂಮಿಯ ಪಾಲನ್ನು ಬಿಟ್ಟುಬಿಡುವ ನಮ್ಮ ಅಭ್ಯಾಸ ನೆಲದ ಮೇಲೆ ನಿಂತು ನೋಡಿದಾಗ ಮಾತ್ರ ಸಲ್ಲುತ್ತದೆ ಎಂಬುದನ್ನು ಪಠ್ಯಪುಸ್ತಕಗಳು ಸ್ಪಷ್ಟವಾಗಿ ಹೇಳಬೇಕಿತ್ತು.

ತಾಯಿ, ನಿನಗೊಂದು ಲೆಕ್ಕ. ಗೆಳತಿಯ ಕಾರು ಸೆಕೆಂಡಿಗೆ 10 ಮೀಟರ್ ಬದಲು 20 ಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಏನು ಕಾಣುತ್ತದೆ?

ವಿದ್ಯಾರ್ಥಿನಿ_ಶಿಡ್ಲಘಟ್ಟ

ಮಾಡಿದೆ, ಮೇಷ್ಟ್ರೇ. ಆ ಕಾರಿನಿಂದ ನೋಡಿದರೆ ಬಸ್ಸು ಮೊದಲು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತಿರುತ್ತದೆ, ಆಮೇಲೆ ಪಕ್ಕದಲ್ಲಿ ನಿಂತಂತಾಗುತ್ತದೆ. ಅಂದರೆ ಎಂಜಿನ್ನು ಡೀಸೆಲ್ ಸುಡುತ್ತಿದ್ದರೂ ಬಸ್ಸಿನ ಚಲನ ಶಕ್ತಿ 5 ಲಕ್ಷ ಕಡಿಮೆಯಾಗುತ್ತದೆ. ಇದು ಮೊದಲು ತಪ್ಪೆಂದೇ ಅನ್ನಿಸಿ ಮತ್ತೊಮ್ಮೆ ಪರಿಶೀಲಿಸಿದೆ. ಭೂಮಿ 20 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿದೆ, ಅದಕ್ಕೆ ಸೇರಿದ ಸಂವೇಗ ಒಂದು ಲಕ್ಷ, ಆದ್ದರಿಂದ ಭೂಮಿಗೆ 20 ಲಕ್ಷ. ಇಪ್ಪತ್ತರಲ್ಲಿ ಐದು ಕಳೆದರೆ ಮತ್ತೆ 15 ಲಕ್ಷವೇ. ಆ 20 ಲಕ್ಷದಲ್ಲಿ 15 ಲಕ್ಷ ಡೀಸೆಲ್ಲಿನಿಂದ, 5 ಲಕ್ಷ ಬಸ್ಸಿನಿಂದ ಬಂತು ಎಂದು ಹೇಳಬಹುದೇ?

ನಿವೃತ್ತ_ಮೇಷ್ಟ್ರು_ತುಮಕೂರು

ಹೇಳಬಹುದು, ಲೆಕ್ಕ ಪೂರ್ತಿ ಸರಿಯಾಗಿದೆ. ಇನ್ನು ನಂದಿಬೆಟ್ಟದ ಬಸ್ಸಿನ ಬ್ರೇಕ್ ಡ್ರಮ್ಮಿಗೂ ಇದೇ ಕ್ರಮವನ್ನು ಹಚ್ಚಿ ನೋಡು. ಯಾವ ಕಾರಿನಿಂದ ನೋಡಿದರೂ, ಬಸ್ಸು ಮತ್ತು ಭೂಮಿ ಎರಡರ ಪಾಲನ್ನೂ ಸೇರಿಸಿದರೆ, ಡ್ರಮ್ಮು ಬಿಸಿಯಾಗುವ ಪ್ರಮಾಣ ಒಂದೇ ಬರಬೇಕು. ಬಾರದಿದ್ದರೆ ಭೂಮಿಯ ಪಾಲಿನ ಗುರುತು, ಅಧಿಕವೋ ಋಣವೋ, ಎಲ್ಲಿ ತಿರುಗಿದೆ ಎಂದು ಹುಡುಕು.